ಅಂಗುಲದ ಅಳತೆಯಲ್ಲೊಂದು ಅಡುಗೆಮನೆ

ಅಮೆರಿಕದ ಪೂರ್ವ ಕರಾವಳಿಯಲ್ಲಿ ನೆಲೆಸಿರುವ ಗೆಳತಿಯೊಬ್ಬಳು ಕಳೆದ ವರ್ಷ ಮೂರು ದಿನ ಮನೆ ಬಿಟ್ಟು ಹೋಗಿದ್ದಳು. ತೀರ್ಥಯಾತ್ರೆಗಲ್ಲ, ಮದುವೆಗಲ್ಲ, ಮಗಳ ಬಾಣಂತನಕ್ಕೂ ಅಲ್ಲ. ಸರೋವರದ ದಂಡೆಯ ತಂಗುದಾಣವೊಂದರಲ್ಲಿ ಹತ್ತು ಹನ್ನೆರಡು ಹೆಂಗಸರ ಜೊತೆ ಕುಳಿತು ಪುಟಾಣಿ ಮನೆಗಳನ್ನು ಮಾಡುವುದಕ್ಕೆ. ‘ಆಟದ ಸಾಮಾನು ಮಾಡಲು ಅಷ್ಟು ದೂರ ಹೋಗಬೇಕೇ?’ ಎಂದು ಗಂಡ ನಗುತ್ತಲೇ ಕೇಳಿದರಂತೆ. ಅವಳು ಉತ್ತರಿಸಲಿಲ್ಲ. ಮೂರು ದಿನಕ್ಕಾಗುವಷ್ಟು ಸಾರು, ಪಲ್ಯ ಮಾಡಿ ಫ್ರಿಜ್ಜಿನಲ್ಲಿಟ್ಟು ಹೊರಟಳು.

ಆ ದೇಶದಲ್ಲಿ ಇದು ಬಹಳ ಜನರ ಹವ್ಯಾಸ. ಅವರಲ್ಲಿ ಹೆಂಗಸರೇ ಹೆಚ್ಚು. 1972ರಲ್ಲಿ ಆರಂಭವಾದ ಹವ್ಯಾಸಿಗಳ ರಾಷ್ಟ್ರೀಯ ಸಂಘವೊಂದು ತನ್ನ ಕೂಟಗಳನ್ನು ‘ಹೌಸ್ ಪಾರ್ಟಿ’ ಎಂದೇ ಕರೆಯುತ್ತದೆ. ಮೇಯ್ನ್ ರಾಜ್ಯದ ಕ್ಯಾಸ್ಟೀನ್ ಎಂಬ ಕಡಲ ತಡಿಯ ಊರಿನಲ್ಲಿ, ನಾವಿಕರನ್ನು ತರಬೇತುಗೊಳಿಸುವ ಕಾಲೇಜಿನ ಆವರಣದಲ್ಲಿ, 1980ರ ದಶಕದಿಂದ ಜೂನ್ ತಿಂಗಳಲ್ಲಿ ಒಂದು ವಾರದ ಪಾಠ ನಡೆಯುತ್ತ ಬಂದಿತು. ಎಲ್ಲರೂ ಒಪ್ಪಿಕೊಂಡ ಅಳತೆಯೆಂದರೆ ಒಂದಕ್ಕೆ ಹನ್ನೆರಡು. ನಿಜದ ಒಂದು ಅಡಿ ಇಲ್ಲಿ ಒಂದು ಅಂಗುಲ. ಒಂಬತ್ತು ಅಡಿ ಎತ್ತರದ ಕೋಣೆ ಒಂಬತ್ತು ಅಂಗುಲದ ಪೆಟ್ಟಿಗೆಯಾಗುತ್ತದೆ.

ಕೇಳಲು ಸುಲಭ, ಕೂತು ಮಾಡುವಾಗ ಗೊತ್ತಾಗುತ್ತದೆ. ಮರವನ್ನು ತೆಳುವಾಗಿ ಸೀಳಬಹುದು, ರೊಟ್ಟಿಯನ್ನೂ ಹಣ್ಣನ್ನೂ ಪಾಲಿಮರ್ ಜೇಡಿಯಲ್ಲಿ ತಿದ್ದಿ ಅಡುಗೆಯ ಓವನ್ನಿನಲ್ಲೇ ಸುಡಬಹುದು. ಆದರೆ ಬಟ್ಟೆ ಮಾತು ಕೇಳುವುದಿಲ್ಲ. ಸೀರೆಯನ್ನು ಅಂಗುಲಕ್ಕೆ ಇಳಿಸಿದರೂ ನೂಲಿನ ದಪ್ಪ ಇಳಿಯದು. ನೆರಿಗೆ ಬೀಳುವ ಬದಲು ತಗಡಿನಂತೆ ಸೆಟೆದು ನಿಲ್ಲುತ್ತದೆ. ಅತಿ ತೆಳುವಾದ ರೇಷ್ಮೆಯನ್ನು ಒದ್ದೆ ಮಾಡಿ, ಗುಂಡುಸೂಜಿ ಚುಚ್ಚಿ, ನೆರಿಗೆಯನ್ನು ಒಂದೊಂದಾಗಿ ಕೂರಿಸಿ ಒಣಗಿಸಬೇಕು. ಒಂದು ಸೆರಗಿಗೆ ಒಂದು ಮಧ್ಯಾಹ್ನ. ನಡುನಡುವೆ ಕುಕ್ಕರ್ ಕೂಗಿದರೆ, ಬಾಗಿಲ ಗಂಟೆ ಬಾರಿಸಿದರೆ, ಇದು ಮುಗಿಯುವ ಕೆಲಸವಲ್ಲ. ಮನೆ ಬಿಟ್ಟು ಹೋಗಬೇಕಾದದ್ದು ಇದಕ್ಕೇ. ಅಲ್ಲಿ ಮೂರು ಹೊತ್ತೂ ಬೇರೆಯವರು ಬೇಯಿಸಿ ಬಡಿಸಿದರು. ಅಡುಗೆಯ ಯೋಚನೆಯಿಂದ ಬಿಡುಗಡೆ ಪಡೆದು ಬಂದ ಆ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಮಾಡುತ್ತಿದ್ದುದು ಅಡುಗೆಮನೆಗಳನ್ನೇ ಎಂದು ಗೆಳತಿ ಹೇಳಿದಾಗ ಇಬ್ಬರೂ ನಕ್ಕೆವು. ಅನಂತರ ಅದು ನಗುವ ವಿಷಯವೇ ಎಂಬ ಅನುಮಾನ ನನ್ನನ್ನು ಕಾಡತೊಡಗಿತು.

ಆಟದ ಸಾಮಾನೆಂಬ ಮಾತಿಗೆ ಫ್ರಾನ್ಸಿಸ್ ಗ್ಲೆಸ್ನರ್ ಲೀ ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. 1878ರಲ್ಲಿ ಷಿಕಾಗೋದ ಸಿರಿವಂತ ಮನೆತನದಲ್ಲಿ ಹುಟ್ಟಿದವರು. ಅಣ್ಣ ಹಾರ್ವರ್ಡಿಗೆ ಹೋದ, ಈಕೆಗೆ ಕಾಲೇಜಿನ ಯೋಗವಿರಲಿಲ್ಲ. ಮುಂದೆ 1931ರಲ್ಲಿ ಅದೇ ಹಾರ್ವರ್ಡಿನಲ್ಲಿ ನ್ಯಾಯವೈದ್ಯಕ್ಕೊಂದು ವಿಭಾಗ ಏರ್ಪಡಲು ಹಣ ಕೊಟ್ಟವರೂ ಇವರೇ. 1940ರ ದಶಕದಲ್ಲಿ, ಬಡಗಿಯೊಬ್ಬರ ನೆರವಿನಿಂದ, ಅನುಮಾನಾಸ್ಪದ ಸಾವುಗಳು ನಡೆದ ಕೋಣೆಗಳನ್ನು ಒಂದಕ್ಕೆ ಹನ್ನೆರಡರ ಅಳತೆಯಲ್ಲಿ ಕಟ್ಟಿದರು. ಬೊಂಬೆಗಳ ಕಾಲುಚೀಲಗಳನ್ನು ಗುಂಡುಸೂಜಿಗಳಿಂದ ಹೆಣೆದರು. ತರಬೇತಿಗೆ ಬಂದ ಪೊಲೀಸ್ ಅಧಿಕಾರಿಗಳು ಕೈಯಲ್ಲಿ ದೀಪ ಹಿಡಿದು ಒಂದೊಂದು ಪೆಟ್ಟಿಗೆಯ ಮುಂದೆ ನಿಂತು ಸುಳಿವು ಹುಡುಕಬೇಕಿತ್ತು. ಅವುಗಳಲ್ಲೊಂದು ಅಡುಗೆಮನೆ. ಗೃಹಿಣಿ ನೆಲದ ಮೇಲೆ ಸತ್ತು ಬಿದ್ದಿದ್ದಾಳೆ, ಗ್ಯಾಸ್ ತೆರೆದಿದೆ. ಆತ್ಮಹತ್ಯೆ ಎಂದು ಬರೆದು ಮುಗಿಸಬಹುದು. ಆದರೆ ಅಲ್ಲಿ ಅಡುಗೆಯ ಕೆಲಸ ನಡುವಿನಲ್ಲೇ ನಿಂತುಹೋಗಿದೆ. ಸಾಯಲು ಹೊರಟವಳು ಇಷ್ಟೆಲ್ಲ ಕೆಲಸವನ್ನು ಅರ್ಧಕ್ಕೆ ಬಿಟ್ಟಾಳೆಯೇ? ಅಡುಗೆಮನೆಯನ್ನು ಓದಲು ಬಾರದವನಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. 1943ರಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪೊಲೀಸ್ ಇಲಾಖೆ ಆಕೆಗೆ ಕ್ಯಾಪ್ಟನ್ ಪದವಿ ನೀಡಿತು.

ನಮಗೂ ಇದು ಪೂರ್ತಿ ಹೊಸದೇನಲ್ಲ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಪಟ್ಟದ ಗೊಂಬೆಗಳ ಕೆಳಗೆ ಪಾರ್ಕು, ಪೇಟೆ, ಕೆರೆ ಏಳುತ್ತವೆ. ಹುಲ್ಲುಹಾಸಿಗೆ ರಾಗಿಯ ಪೈರು, ಕೆರೆಗೆ ಮುಖ ನೋಡುವ ಕನ್ನಡಿ. ಚಾತುರ್ಯವೆಲ್ಲ ಮನೆಯ ಹೆಂಗಸರದು, ಮಕ್ಕಳದು. ಆದರೆ ಅದಕ್ಕೆ ಹಬ್ಬದ ರಕ್ಷೆಯಿದೆ. ದೇವರ ಹೆಸರಿರುವುದರಿಂದ ಯಾರೂ ‘ಯಾಕೆ’ ಎನ್ನುವುದಿಲ್ಲ. ಬರಿದೇ ತನ್ನ ಖುಷಿಗೆಂದು ಗೃಹಿಣಿಯೊಬ್ಬಳು ಮೂರು ದಿನ ಕೇಳಿದರೆ ಮಾತ್ರ ಕಾರಣ ಕೊಡಬೇಕಾಗುತ್ತದೆ. ಅಮೆರಿಕದಲ್ಲೂ ಕೊಡಬೇಕಾಯಿತಲ್ಲ!

ಗೆಳತಿ ಮಾಡಲು ಹೊರಟಿದ್ದು ಸಾಗರದ ಕಡೆಯ ತನ್ನ ತವರಿನ ಅಡುಗೆಮನೆಯನ್ನು. ಮನೆ ಪಾಲಾದ ಮೇಲೆ ಅದನ್ನು ಕೆಡವಿ ಬಹಳ ವರ್ಷಗಳಾಗಿವೆ, ಅಮ್ಮನೂ ಇಲ್ಲ. ಫೋಟೊ ಹುಡುಕಿದಳು. ಜಗುಲಿಯದು ಇತ್ತು, ಅಂಗಳದಲ್ಲಿ ಅಡಿಕೆ ಒಣಗಿಸಿದ್ದಿತ್ತು, ಕೊಟ್ಟಿಗೆಯ ಹಸುವಿನದೂ ಇತ್ತು. ಅಮ್ಮ ನಲವತ್ತು ವರ್ಷ ಕಳೆದ ಅಡುಗೆಮನೆಯದು ಒಂದೂ ಇರಲಿಲ್ಲ. ಹೊಗೆ ಹಿಡಿದ ಕೋಣೆಯ ಚಿತ್ರ ಯಾರು ತೆಗೆಯುತ್ತಾರೆ? ಅಣ್ಣನನ್ನು ಕೇಳಿದರೆ ಅವನಿಗೆ ಜಗುಲಿಯ ಕಂಬಗಳ ಲೆಕ್ಕ ಗೊತ್ತಿತ್ತು. ಒಲೆ ಯಾವ ದಿಕ್ಕಿಗಿತ್ತೆಂದು ಹೇಳಲಾಗಲಿಲ್ಲ. ಜಾನಪದ ಲೋಕದಂಥ ಕಡೆ ನಮ್ಮ ಹಳೆಯ ಪಾತ್ರೆ ಪರಡಿಗಳನ್ನು ಜತನವಾಗಿ ಇಟ್ಟಿದ್ದಾರೆ, ಸರಿ. ಕೊಡವನ್ನು ಅಲ್ಲಿ ನೋಡಬಹುದು. ಕೊಡ ಇಳಿಸಿದವಳು ಎಲ್ಲಿ ಕೂರುತ್ತಿದ್ದಳು, ಕೂತಲ್ಲಿಂದ ಅವಳಿಗೆ ಏನು ಕಾಣುತ್ತಿತ್ತು ಎಂಬುದನ್ನು ಕಪಾಟಿನ ಸಾಲು ಹೇಳುವುದಿಲ್ಲ.

ಕೊನೆಗೆ ನೆರವಾದದ್ದು ಊರಿನಲ್ಲಿರುವ ಚಿಕ್ಕಮ್ಮ. ‘ಅಡುಗೆಮನೆಯ ಅಳತೆ ಯಾರಿಗೆ ಬೇಕೇ ಕೂಸೇ’ ಎಂದು ಮೊದಲು ನಕ್ಕವರು, ಆಮೇಲೆ ಗೇಣು ಮೊಳಗಳಲ್ಲಿ ಎಲ್ಲವನ್ನೂ ಒಪ್ಪಿಸಿದರು. ಒಲೆಯಿಂದ ಒರಳಿಗೆ ಎಷ್ಟು, ಉಪ್ಪಿನಕಾಯಿ ಭರಣಿಗಳ ನಾಗಂದಿಗೆ ಎಲ್ಲಿ, ಗೋಡೆಯ ಯಾವ ಭಾಗ ಹೆಚ್ಚು ಕಪ್ಪು. ಹದಿನೆಂಟು ಅಂಗುಲದ ಮೊಳ ಇಲ್ಲಿ ಒಂದೂವರೆ ಅಂಗುಲವಾಯಿತು. ಶಿಬಿರದಲ್ಲಿ ಇವಳು ಹೊಸ ಬಿಳಿ ಗೋಡೆಗೆ ಕಪ್ಪು ಬಣ್ಣದ ಪುಡಿ ತಿಕ್ಕುವುದನ್ನು ಕಂಡು ಪಕ್ಕದವರು, ನಿವೃತ್ತ ದಾದಿಯಂತೆ, ಅಯ್ಯೋ ಎಂದರು. ಸೌದೆ ಒಲೆಯ ಕಥೆ ಕೇಳಿದ ಮೇಲೆ ಅವರೇ ಹತ್ತಿಯ ಉಂಡೆ ತಂದು ಮಸಿ ತಿಕ್ಕಲು ಕೂತರು.

ಕಿಟಕಿ ಒಂದೇ ಇತ್ತು, ನೆಲದಿಂದ ಮೂರೂವರೆ ಮೊಳ ಮೇಲೆ. ಅಂದರೆ ಅಳತೆಗಿಳಿಸಿದಾಗ ಐದೂಕಾಲು ಅಂಗುಲ. ಅದನ್ನು ಕೊರೆದು ಚೌಕಟ್ಟು ಕೂರಿಸಿದ ಮೇಲೆ, ಐದಡಿಯ ಅಮ್ಮನಿಗಾಗಿ ಮಾಡಿದ್ದ ಐದಂಗುಲದ ಬೊಂಬೆಯನ್ನು ಒಲೆಯ ಮುಂದೆ ಕೂರಿಸಿದಳು. ಆಮೇಲೆ ಎಬ್ಬಿಸಿ ಕಿಟಕಿಯ ಬಳಿಯೇ ನಿಲ್ಲಿಸಿದಳು. ನಿಂತರೂ ಬೊಂಬೆಯ ನೆತ್ತಿ ಕಿಟಕಿಯ ಕೆಳಗಿನ ಪಟ್ಟಿಯನ್ನು ಮುಟ್ಟಲಿಲ್ಲ. ಹೊಗೆ ಹೋಗಲೆಂದು ಇಟ್ಟ ಕಿಟಕಿ ಅದು. ಅಮ್ಮ ಅದರಿಂದ ಅಂಗಳವನ್ನೂ ತೋಟವನ್ನೂ ನೋಡಿರಲಾರಳು. ಆ ಕೋಣೆಯಲ್ಲೇ ಬೆಳೆದು ದೊಡ್ಡವಳಾದರೂ ತನಗೆ ಇದು ಹೊಳೆದಿರಲಿಲ್ಲ ಎಂದು ಗೆಳತಿ ಫೋನಿನಲ್ಲಿ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಮುಗಿದ ಅಡುಗೆಮನೆಯ ಚಿತ್ರವನ್ನು ಅಣ್ಣನಿಗೆ ಕಳಿಸಿದ್ದಾಳೆ. ಒರಳು ಚೆನ್ನಾಗಿ ಬಂದಿದೆ ಎಂದು ಅವನು ಮೆಚ್ಚಿಕೊಂಡ. ಮರುದಿನ ಬೆಳಗ್ಗೆ ಮತ್ತೆ ಅವನದೇ ಕರೆ. ಕಿಟಕಿ ನಿಜವಾಗಿಯೂ ಅಷ್ಟು ಎತ್ತರದಲ್ಲಿತ್ತೇ, ಚಿಕ್ಕಮ್ಮನನ್ನು ಇನ್ನೊಮ್ಮೆ ಕೇಳಿ ನೋಡು ಎಂದನಂತೆ.