ಬ್ಯಾಟರಿಯ ಬಲವನ್ನು ಅಳೆದು ನೋಡಿರಿ

ಡೈರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೀರಿನ ಬೆರಕೆಯನ್ನು ಪರೀಕ್ಷಿಸುವುದನ್ನು ತಾವೆಲ್ಲರೂ ಕಂಡಿದ್ದೀರಿ. ಟ್ರ್ಯಾಕ್ಟರಿಗೂ ಸೌರದೀಪಕ್ಕೂ ಬಳಸುವ, ಮುಚ್ಚಳ ತೆರೆಯಬಹುದಾದ ಸೀಸದ ಬ್ಯಾಟರಿಯನ್ನೂ ಹೀಗೆಯೇ ಪರೀಕ್ಷಿಸಬಹುದು. ಈ ಸಾಧನಕ್ಕೆ ಹೈಡ್ರೋಮೀಟರ್ ಎಂದು ಹೆಸರು.

ಬ್ಯಾಟರಿ ವಿದ್ಯುತ್ತನ್ನು ಕೊಡುತ್ತಾ ಹೋದಂತೆ ಅದರಲ್ಲಿರುವ ಗಂಧಕಾಮ್ಲವು ಸೀಸದ ಫಲಕಗಳನ್ನು ಸೇರುತ್ತದೆ. ದ್ರವ ನೀರಾಗಿ ಹಗುರವಾಗುತ್ತದೆ. ಸಾಮಾನ್ಯವಾಗಿ ಅಳತೆ 1.25ಕ್ಕಿಂತ ಮೇಲಿದ್ದರೆ ಬ್ಯಾಟರಿ ತುಂಬಿದೆ; 1.15ಕ್ಕೆ ಇಳಿದರೆ ಬರಿದಾಗಿದೆ. ದೀಪ ಉರಿಯುತ್ತಿದೆಯಲ್ಲ ಎಂದು ಸುಮ್ಮನಿರಬಾರದು. ಬರಿದಾದುದನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ ಬ್ಯಾಟರಿ ಕೆಡುತ್ತದೆ. ಕೊಂಡ ಹಣವೂ ನಷ್ಟ.

ಬಿಸಿಯಾದ ದ್ರವ ಹಗುರ. ಆದುದರಿಂದ 27 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಪ್ರತಿ 10 ಡಿಗ್ರಿಗೂ ಅಳತೆಗೆ 0.007 ಕೂಡಿಸಿರಿ. ಬಟ್ಟಿ ಇಳಿಸಿದ ನೀರನ್ನು ಹಾಕಿದ ಕೂಡಲೇ ಅಳೆಯಬೇಡಿರಿ. ಅದು ಆಮ್ಲದೊಡನೆ ಬೆರೆತಿರುವುದಿಲ್ಲ.

ಒಂದು ಎಚ್ಚರಿಕೆ: ಚಾರ್ಜು ಮಾಡುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಇದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಕಿಟಕಿಗಳನ್ನು ತೆರೆದಿಡಿರಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬರಕೂಡದು. ಆಮ್ಲ ಕಣ್ಣಿಗೆ ಸಿಡಿದರೆ ಧಾರಾಳವಾಗಿ ನೀರಿನಿಂದ ತೊಳೆದು, ಕೂಡಲೇ ವೈದ್ಯರಲ್ಲಿಗೆ ಹೋಗಿರಿ.