ದೀರ್ಘಕಾಲದ ಕೈ ಇಸುಬು ಮತ್ತು ಸ್ಟೀರಾಯ್ಡ್ ಮುಲಾಮು: ದಾವಣಗೆರೆ–ಹರಿಹರ ಪರಿಸರದ ಹಿನ್ನೆಲೆಯಲ್ಲಿ

ದಾವಣಗೆರೆ ಹತ್ತಿ ಗಿರಣಿಗಳಿಂದ ಹೆಸರಾದ ಊರು. ಹರಿಹರಕ್ಕೆ ಹೆಸರು ತಂದದ್ದು 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು. ಆ ಕಾರ್ಖಾನೆ ಮುಚ್ಚಿದೆ, ಗಿರಣಿಗಳ ವೈಭವವೂ ಹಳೆಯ ಮಾತಾಗಿದೆ. ಆದರೆ ಕೈದುಡಿಮೆ ನಿಂತಿಲ್ಲ. ಹೋಟೆಲಿನ ಪಾತ್ರೆ ತೊಳೆಯುವವರು, ಗಾರೆ ಕೆಲಸದವರು, ಯಂತ್ರಕ್ಕೆ ತಂಪೆರೆಯುವ ಎಣ್ಣೆನೀರಿನಲ್ಲಿ ಕೈಯಾಡಿಸುವವರು, ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ನಾಟಿ ಮಾಡುವವರು — ಇವರೆಲ್ಲರ ಜೀವನೋಪಾಯ ಕೈಯ ಚರ್ಮವನ್ನೇ ಅವಲಂಬಿಸಿದೆ. ಆದ್ದರಿಂದ ಕೈ ಇಸುಬನ್ನು ಇಲ್ಲಿ ಕೇವಲ ತುರಿಕೆಯ ಕಾಯಿಲೆಯೆಂದು ಕಾಣಲಾಗದು.

ಮೂರು ತಿಂಗಳಿಗೂ ಮೀರಿ ಉಳಿದ, ಅಥವಾ ವರ್ಷಕ್ಕೆ ಎರಡು ಬಾರಿಯಾದರೂ ಮರುಕಳಿಸಿದ ಕೈ ಇಸುಬನ್ನು ದೀರ್ಘಕಾಲದ್ದೆಂದು ಪರಿಗಣಿಸಲಾಗುತ್ತದೆ. ನೀರು, ಸೋಪು, ಎಣ್ಣೆಗಳು ಚರ್ಮದ ಹೊರಪದರವನ್ನು ಸವೆಸುವುದರಿಂದ ಬರುವ ಇಸುಬು ಒಂದು ಬಗೆ. ಸಿಮೆಂಟಿನ ಕ್ರೋಮಿಯಂ, ಕಾಂಗ್ರೆಸ್ ಗಿಡ, ಬೆಳ್ಳುಳ್ಳಿ ಮೊದಲಾದವುಗಳ ಒಗ್ಗದಿಕೆಯಿಂದ ಬರುವುದು ಇನ್ನೊಂದು ಬಗೆ. ಬಲಗೈಯಲ್ಲಿ ಚಾಕು ಹಿಡಿಯುವ ಅಡುಗೆಯವರ ಎಡಗೈ ಬೆರಳ ತುದಿಗಳು ಮಾತ್ರ ಬಿರಿದಿದ್ದರೆ ಬೆಳ್ಳುಳ್ಳಿಯ ಮೇಲೆ ಸಂಶಯ ಪಡುವುದು ಯುಕ್ತ.

ಚರ್ಮಕ್ಕೆ ಹಚ್ಚುವ ಹೈಡ್ರೋಕಾರ್ಟಿಸೋನ್ ಪರಿಣಾಮಕಾರಿಯೆಂದು 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ತೋರಿಸಿದರು. ಸ್ಟೀರಾಯ್ಡ್ ಜೀವಕೋಶದೊಳಗೆ ಸೇರಿ ಉರಿಯೂತದ ಸಂಕೇತಗಳನ್ನು ತಗ್ಗಿಸುತ್ತದೆ. ಅಂಗೈಯ ಚರ್ಮ ದಪ್ಪವಾಗಿರುವುದರಿಂದ ಅಲ್ಲಿಗೆ ಸೌಮ್ಯ ಮುಲಾಮು ಸಾಮಾನ್ಯವಾಗಿ ಸಾಲದು. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಪ್ರಕಟಿಸಿದ ಅಳತೆಗಳ ಪ್ರಕಾರ ಹಣೆಯ ಚರ್ಮ ಅಂಗೈಗಿಂತ ಸುಮಾರು ಏಳು ಪಟ್ಟು ಹೆಚ್ಚು ಹೈಡ್ರೋಕಾರ್ಟಿಸೋನನ್ನು ಹೀರುತ್ತದೆ. ಕೈಗೆಂದು ತಂದ ಪ್ರಬಲ ಮುಲಾಮನ್ನು ಮನೆಯವರು ಮುಖಕ್ಕೂ ಹಚ್ಚಿಕೊಂಡರೆ ಆಗುವ ಅನಾಹುತದ ಕಾರಣ ಇದೇ. ಮುಂಗೈಯ ತೆಳು ಚರ್ಮಕ್ಕೂ ಅಂಗೈಯ ಸಹನಶಕ್ತಿ ಇಲ್ಲ.

ಹಾಗಾದರೆ ಎಷ್ಟು ಕಾಲ ಹಚ್ಚಬೇಕು? ವೇಯೆನ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಮೊದಲು ಮೊಮೆಟಾಸೋನ್ ಮುಲಾಮನ್ನು ದಿನವೂ ಹಚ್ಚಿ, ಗರಿಷ್ಠ 9 ವಾರಗಳಲ್ಲಿ ಇಸುಬನ್ನು ಶಮನಗೊಳಿಸಲಾಯಿತು. ಗುಣ ಕಂಡವರನ್ನು ಅನಂತರ ಮೂರು ಗುಂಪುಗಳಾಗಿ ವಿಂಗಡಿಸಿ 36 ವಾರ ಗಮನಿಸಲಾಯಿತು. ವಾರಕ್ಕೆ ಮೂರು ದಿನ ಹಚ್ಚಿದವರಲ್ಲಿ ಶೇ. 83, ಎರಡು ದಿನ ಹಚ್ಚಿದವರಲ್ಲಿ ಶೇ. 68 ಮಂದಿಗೆ ಇಸುಬು ಮರುಕಳಿಸಲಿಲ್ಲ. ಮುಲಾಮು ನಿಲ್ಲಿಸಿದವರಲ್ಲಿ ಈ ಪ್ರಮಾಣ ಶೇ. 26 ಮಾತ್ರ. ಸ್ಟೀರಾಯ್ಡ್ ಎಂದೊಡನೆ ಭಯಪಟ್ಟು ನಡುವೆಯೇ ಬಿಡುವವರೂ, ವರ್ಷಗಟ್ಟಲೆ ದಿನಕ್ಕೆರಡು ಬಾರಿ ತೀಡುವವರೂ ಇದನ್ನು ಸಮಾನವಾಗಿ ಗಮನಿಸಬೇಕು. ದೀರ್ಘಕಾಲದ ಚಿಕಿತ್ಸೆಯೆಂದರೆ ನಿತ್ಯದ ಲೇಪನವಲ್ಲ. ಅದು ವೈದ್ಯರ ಕಣ್ಗಾವಲಿನಲ್ಲಿ ಬಿಡುವು ಕೊಟ್ಟು ನಡೆಸುವ ಚಿಕಿತ್ಸೆ.

ಪ್ರಮಾಣದ ಲೆಕ್ಕವೂ ಸರಳ. ತೋರುಬೆರಳಿನ ಕೊನೆಯ ಗೆಣ್ಣಿನುದ್ದಕ್ಕೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ಒಂದು ಕೈಯ ಎರಡೂ ಬದಿಗೆ ಸಾಕು. ಎರಡು ಕೈಗೆ ಒಂದು ಗ್ರಾಂ. ವಾರಕ್ಕೆ ಮೂರು ದಿನದಂತೆ 15 ಗ್ರಾಂ ಟ್ಯೂಬು ಐದು ವಾರ ಬರುತ್ತದೆ. ವಾರದೊಳಗೇ ಮುಗಿದರೆ ಏನೋ ತಪ್ಪಿದೆಯೆಂದೇ ಅರ್ಥ.

ಸಮಸ್ಯೆಯ ಇನ್ನೊಂದು ಮುಖ ಔಷಧದಂಗಡಿಯಲ್ಲಿದೆ. ಪ್ರಬಲ ಸ್ಟೀರಾಯ್ಡಿನೊಡನೆ ಶಿಲೀಂಧ್ರನಾಶಕವನ್ನೂ ಪ್ರತಿಜೀವಕವನ್ನೂ ಬೆರೆಸಿದ ಮುಲಾಮುಗಳು ದೇಶದಾದ್ಯಂತ ಚೀಟಿಯಿಲ್ಲದೆ ಮಾರಾಟವಾಗುತ್ತಿದ್ದ ಹಿನ್ನೆಲೆಯಲ್ಲಿ, 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಲೇಪನಗಳನ್ನು ‘ಎಚ್’ ಅನುಸೂಚಿಗೆ ಸೇರಿಸಿ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿತು. ಕಾರಣ ಸ್ಪಷ್ಟ: ಒಂದೇ ಕೈಯಲ್ಲಿ ಹೊಟ್ಟೇಳುವ ‘ಇಸುಬು’ ಎಷ್ಟೋ ಸಲ ಗಜಕರ್ಣವಾಗಿರುತ್ತದೆ. ಸ್ಟೀರಾಯ್ಡ್ ಅದರ ಕೆಂಪನ್ನು ಅಳಿಸಿ, ಶಿಲೀಂಧ್ರವನ್ನು ಮರೆಯಲ್ಲಿ ಬೆಳೆಸುತ್ತದೆ. ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಒಗ್ಗದಿಕೆಯ ಮೂಲ ಹುಡುಕಲು ಬೆನ್ನಿಗೆ ಪಟ್ಟಿ ಅಂಟಿಸುವ ಪರೀಕ್ಷೆಗಾದರೋ ರೋಗಿ ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಬರಬೇಕಾಗುತ್ತದೆ. ದಿನಗೂಲಿಯವರಿಗೆ ಪ್ರತಿ ಭೇಟಿಯೂ ಒಂದು ದಿನದ ಸಂಬಳದ ನಷ್ಟ.