ಹೂವಿನ ಪಾತಿಗೆ ಕಲ್ಲುಕಟ್ಟೆ: ನೀರಿಗೆ ದಾರಿ ಬಿಡದವರ ಪಾಡು

ದೊಡ್ಡಆಲಹಳ್ಳಿ: ಈ ಊರಿನ ಹೆಸರೆತ್ತಿದರೆ ಜನ ರಾಜಕೀಯದ ಮಾತೇ ಆಡುತ್ತಾರೆ. ಅದು ಹಾಗಿರಲಿ. ಕನಕಪುರದಿಂದ ಸಂಗಮ, ಮೇಕೆದಾಟಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕ ಪುಣ್ಯವಂತರು ರಾಜಕೀಯ ಬಿಟ್ಟು ಹೊರಗೆ ನೋಡಿದರೆ ಕಾಣುವುದು ಬರೀ ಕಲ್ಲು. ಹೊಲದ ಬದು ಕಲ್ಲು, ಗುಡಿಯ ಮೆಟ್ಟಿಲು ಕಲ್ಲು, ಬೇಲಿಗೂ ಕಲ್ಲು. ಈಗ ಹೊಸ ಮನೆ ಎದ್ದ ಕಡೆ ಅಲ್ಲಲ್ಲಿ ಮತ್ತೊಂದು ಶೋಕಿ ಸೇರಿಕೊಂಡಿದೆ: ಮುಂಬಾಗಿಲ ಪಕ್ಕ ಎತ್ತರಿಸಿದ ಹೂವಿನ ಪಾತಿ, ಅದರ ಸುತ್ತ ಅಂದದ ಕಲ್ಲುಕಟ್ಟೆ.

ಶೋಕಿಗೇನೂ ದೋಷವಿಲ್ಲ. ತೊಂದರೆ ಬರುವುದು ಮಳೆಗಾಲದಲ್ಲಿ. ಈ ಸೀಮೆಗೆ ಜೋರು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗೌರಿಹಬ್ಬಕ್ಕೆ ಥಳಥಳಿಸುತ್ತಿದ್ದ ಕಟ್ಟೆ ದೀಪಾವಳಿಯ ಹೊತ್ತಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಲ್ಲು, ಕೆಸರು, ಸೇವಂತಿಗೆ ಎಲ್ಲಾ ಅಂಗಳದಲ್ಲಿ ಒಂದೇ ರಾಶಿ. "ಸಿಮೆಂಟು ಕಮ್ಮಿ ಹಾಕ್ಬಿಟ್ಟ" ಅಂತ ಮೇಸ್ತ್ರಿಯ ಮೇಲೆ ಗೂಬೆ ಕೂರಿಸುವುದು ಆಮೇಲಿನ ಪದ್ಧತಿ. ಎಷ್ಟೋ ಸಲ ತಪ್ಪು ಸಿಮೆಂಟಿನದಲ್ಲ, ನೀರಿನ ಲೆಕ್ಕದ್ದು.

ಲೆಕ್ಕ ಸುಲಭ. ಒಂದು ಘನ ಮೀಟರ್ ಮಣ್ಣು ಒಣಗಿದ್ದಾಗ ಸುಮಾರು ಒಂದೂವರೆ ಟನ್ ತೂಗುತ್ತದೆ. ಹೊಟ್ಟೆ ತುಂಬಾ ನೀರು ಕುಡಿದ ಮೇಲೆ ಎರಡು ಟನ್ನಿನ ಹತ್ತಿರ. ತೂಕ ಏರಿದ್ದಲ್ಲದೆ, ಹೊರಗೆ ಹೋಗಲು ದಾರಿ ಕಾಣದ ನೀರು ತಾನೇ ಗೋಡೆಯನ್ನು ನೂಕಲು ಶುರುಮಾಡುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಕಟ್ಟೆಯ ಎತ್ತರ ಎರಡು ಪಟ್ಟಾದರೆ ನೂಕುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಒಂದೂವರೆ ಅಡಿಯ ಕಟ್ಟೆ ಚೆನ್ನಾಗಿ ನಿಂತಿತು, ಇನ್ನೊಂದೂವರೆ ಅಡಿ ಏರಿಸೋಣ ಎನ್ನುವವರು ಇದನ್ನು ನೆನಪಿಟ್ಟರೆ ಒಳ್ಳೆಯದು. ಎರಡು ಅಡಿಯವರೆಗೆ ಮನೆಯವರೇ ಕೈಹಾಕಬಹುದು. ಎದೆಮಟ್ಟದ ಗೋಡೆಗೆ ಇಂಜಿನಿಯರನ್ನು ಕೇಳಲೇಬೇಕು, ಮಕ್ಕಳು ಆಡುವ ಕಡೆಯಂತೂ ಚೌಕಾಸಿ ಕೂಡದು.

ಹಳಬರಿಗೆ ಈ ಲೆಕ್ಕ ಪುಸ್ತಕದಿಂದ ಬಂದದ್ದಲ್ಲ. ಊರೂರಿನ ಅರಳಿಕಟ್ಟೆ ನೋಡಿದರೆ ಸಾಕು. ಅದು ಇನ್ನೇನು? ಮರದ ಬುಡದ ಮಣ್ಣನ್ನು ಹಿಡಿದು ನಿಲ್ಲಿಸಿದ ಕಲ್ಲುಗೋಡೆಯೇ. ಗಾರೆ ಇಲ್ಲದ ಹಳೇ ಕಟ್ಟೆಗಳಲ್ಲಿ ಸಂದುಸಂದಿನಿಂದ ನೀರು ಜಿನುಗಿ ಹೋಗುತ್ತದೆ, ಒತ್ತಡ ಉಳಿಯುವುದೇ ಇಲ್ಲ. ಸಂದನ್ನೆಲ್ಲ ಸಿಮೆಂಟಿನಿಂದ ಬಿಗಿದು ಮುಚ್ಚಿದವರು ಕಟ್ಟೆಯನ್ನಲ್ಲ, ತೊಟ್ಟಿಯನ್ನು ಕಟ್ಟಿದಂತಾಯಿತು.

ಒಣಕಲ್ಲಿನ ಕಟ್ಟೆಯ ಕೆಲಸ ನಿಧಾನದ್ದು. ಮೊದಲು ಆರರಿಂದ ಒಂಬತ್ತು ಅಂಗುಲ ಆಳದ ಕಾಲುವೆ ತೋಡಿ, ಜಲ್ಲಿ ಸುರಿದು ದಮ್ಮಸ್ಸು ಮಾಡಬೇಕು. ಇದ್ದುದರಲ್ಲಿ ದಪ್ಪ ಕಲ್ಲುಗಳು ತಳಕ್ಕೆ, ಅರ್ಧ ನೆಲದೊಳಗೆ ಹೂತಂತೆ. ಚೆಂದದ ಕಲ್ಲನ್ನು ಅಡಿಗೆ ಹಾಕೋದಾ ಅಂತ ಹೊಟ್ಟೆ ಉರಿದುಕೊಳ್ಳುವವರುಂಟು, ಆದರೆ ಭಾರ ಹೊರುವುದು ಅದೇ. ತಳದ ದಪ್ಪ ಎತ್ತರದ ಅರ್ಧದಷ್ಟಾದರೂ ಇರಬೇಕು. ಎರಡು ಕಲ್ಲಿನ ಸಂದಿನ ಮೇಲೆ ಒಂದು ಕಲ್ಲು ಕೂರಬೇಕು. ಸಂದಿನ ಮೇಲೆ ಸಂದು ಬಂದರೆ ಗೋಡೆ ಅಲ್ಲೇ ಸೀಳುತ್ತದೆ. ಅಲ್ಲಲ್ಲಿ ಉದ್ದನೆಯ ಕಲ್ಲನ್ನು ಅಡ್ಡಡ್ಡ ಒಳಕ್ಕೆ ಮಲಗಿಸಬೇಕು, ಮಣ್ಣಿನೊಳಗೆ ಕೈಚಾಚಿ ಹಿಡಿದಂತೆ. ಗೋಡೆ ಏರಿದಂತೆಲ್ಲ ಅಡಿಗೆ ಒಂದೆರಡು ಅಂಗುಲ ಪಾತಿಯ ಕಡೆಗೆ ವಾಲಬೇಕು. ನೆಟ್ಟಗೆ ನಿಂತದ್ದೇ ಗಟ್ಟಿ ಎಂಬುದು ಇಲ್ಲಿ ಸಲ್ಲದ ಮಾತು. ಕಲ್ಲಿನ ಬೆನ್ನಿಗೆ ಮುಕ್ಕಾಲು ಇಂಚಿನ ಜಲ್ಲಿ, ಅದರ ಹಿಂದೆ ಮಣ್ಣು. ಗಾರೆಯಲ್ಲೇ ಕಟ್ಟುತ್ತೇವೆ ಎನ್ನುವ ಹಟವಿದ್ದರೆ ಬುಡದಲ್ಲಿ ನಾಲ್ಕೈದು ಅಡಿಗೊಂದು ಪೈಪು ಇಟ್ಟು ನೀರಿಗೆ ಬಾಗಿಲು ಬಿಡಬೇಕು.

ದೊಡ್ಡ ಉದಾಹರಣೆ ಬೇಕಾದವರು ಕೃಷ್ಣರಾಜಸಾಗರಕ್ಕೆ ಹೋಗಿ ಬೃಂದಾವನ ನೋಡಬಹುದು. 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿದ ಆ ತೋಟದ ಸೊಬಗೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ ನೆಲದಲ್ಲಿದೆ. ಜನ ಕಾರಂಜಿ ನೋಡಿ ಬರುತ್ತಾರೆ, ಮಣ್ಣು ಹಿಡಿದ ಗೋಡೆಯನ್ನು ನೋಡುವವರು ಕಮ್ಮಿ.

ಇನ್ನು ಕಲ್ಲಿನ ಮಾತು. ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು, ಕಲ್ಲು ಮಾತ್ರ ಹಳೆಯದೇ. ರಾಮನಗರದ ಹಳೇ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಕರೆಯುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಈ ತಾಲ್ಲೂಕಿನ ಕಬ್ಬಾಳದುರ್ಗದಲ್ಲಿ ಬೂದುಗಲ್ಲು ಕರಿಗಲ್ಲಾಗಿ ಮಾರ್ಪಟ್ಟಿರುವುದನ್ನು ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಬರೆದ ಮೇಲೆ ಅದು ಲೋಕದ ಭೂವಿಜ್ಞಾನಿಗಳಿಗೆಲ್ಲ ಯಾತ್ರಾಸ್ಥಳ. ಅಂಥ ಕಲ್ಲಿಗೆ ಉಳಿ ಹಿಡಿದು, ಸಾಲಾಗಿ ಬೆಂಕಿಯೊಡ್ಡಿ ಚಪ್ಪಡಿ ಎಬ್ಬಿಸುತ್ತಿದ್ದ ಭೋವಿ ಕುಲದವರ ಕೈಚಳಕ ಕ್ರಷರ್ ಯಂತ್ರದ ಗದ್ದಲದಲ್ಲಿ ಮೂಲೆ ಸೇರುತ್ತಿದೆ. ಒಣಕಲ್ಲು ಜೋಡಿಸಬಲ್ಲ ಮುದುಕರು ಊರಲ್ಲಿದ್ದರೆ ಕರೆದು ಕೂಲಿ ಕೊಟ್ಟು ಕಟ್ಟಿಸುವುದು ಜಾಣತನ. ಟೈಲ್ಸ್ ಅಂಟಿಸುವವರಿಂದ ಈ ಕೆಲಸ ಆಗದು.

ಕಲ್ಲು ಎಲ್ಲಿಂದ ತರುತ್ತಾರೆ ಎಂಬುದು ಇನ್ನೊಂದು ಕಿರಿಕಿರಿ. ಸರ್ಕಾರಿ ಗುಡ್ಡದಿಂದ ಟ್ರ್ಯಾಕ್ಟರಿಗೆ ತುಂಬಿಕೊಂಡು ಬರಲು ಕಾನೂನು ಬಿಡದು; 1994ರ ಉಪಖನಿಜ ನಿಯಮಗಳಿವೆ. ಅದಕ್ಕಿಂತ ಕೆಟ್ಟದ್ದು ಹಾಳುಗುಡಿ, ಕೆರೆ ಏರಿಯ ಪಕ್ಕ ಬಿದ್ದಿರುವ ಕಲ್ಲಿಗೆ ಕೈಹಾಕುವುದು. ಚಪ್ಪಟೆಯಾಗಿದೆ, ಕಟ್ಟೆಗೆ ಹೇಳಿ ಮಾಡಿಸಿದಂತಿದೆ ಅಂತ ಹೊತ್ತು ತಂದದ್ದು ವೀರಗಲ್ಲೋ ಶಾಸನವೋ ಆಗಿರಬಹುದು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' 9ನೇ ಸಂಪುಟದಲ್ಲಿ ಆಗಿನ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರ ತಾಲ್ಲೂಕಿನ ಶಾಸನಗಳಿವೆ. ಪುಸ್ತಕದಲ್ಲಿ ದಾಖಲಾಗದ ಕಲ್ಲೊಂದು ಬರಹದ ಮಗ್ಗುಲು ಒಳಗಾಗಿ ಪಾತಿಯ ಮಣ್ಣಿಗೆ ಸೇರಿದರೆ ಅದನ್ನು ಮತ್ತೆ ಓದುವವರಾರು? ಮೇಲೆ ಗೆರೆ, ಅಕ್ಷರ, ಕುದುರೆಯ ಆಕೃತಿ ಕಂಡರೆ ಕಲ್ಲನ್ನು ಇದ್ದಲ್ಲೇ ಬಿಟ್ಟು ಪಂಚಾಯ್ತಿಗೋ ಪುರಾತತ್ವ ಇಲಾಖೆಗೋ ತಿಳಿಸಬೇಕು.

ಕಟ್ಟೆ ಮುಗಿದ ದಿನವೇ ಸಸಿ ನೆಡುವ ಆತುರ ಬೇಡ. ಹೊಸ ಮಣ್ಣು ಒಂದೆರಡು ಮಳೆಗೆ ನಾಲ್ಕು ಬೆರಳಾದರೂ ಕುಸಿಯುತ್ತದೆ. ಅಷ್ಟಕ್ಕೆ ಮತ್ತೆ ಮಣ್ಣು, ಕೊಟ್ಟಿಗೆಗೊಬ್ಬರ ತುಂಬಿ ಆಮೇಲೆ ಕನಕಾಂಬರವೋ ಸೇವಂತಿಗೆಯೋ ಹಾಕಬಹುದು. ಅರಳಿಯಂಥ ಮರದ ಸಸಿ ಸಂದಿನಲ್ಲಿ ಮೊಳೆತರೆ ಮಾತ್ರ ಬೆರಳುದ್ದ ಇರುವಾಗಲೇ ಕೀಳಬೇಕು.